ಟರ್ಕಿ ಕೋಳಿ: ಎದೆ ಒಣಗಬಾರದು, ತೊಡೆ ಹಸಿ ಉಳಿಯಬಾರದು

ಟರ್ಕಿ ಕೋಳಿ ತಿಂದ ಕೆಲವರು "ಬರೀ ಒಣ, ರುಚಿಯೇ ಇಲ್ಲ" ಅನ್ನುತ್ತಾರೆ. ಇನ್ನು ಕೆಲವರಿಗೆ ಎಲುಬಿನ ಹತ್ತಿರ ಕೆಂಪಗೆ ಕಂಡು ತಟ್ಟೆ ಸರಿಸುವಷ್ಟು ಹೆದರಿಕೆ. ಎರಡೂ ಹುಟ್ಟುವುದು ಒಂದೇ ಕಡೆ. ಕೋಳಿ ಬೆಂದಿತೋ ಇಲ್ಲವೋ ಅಂತ ನಾವು ಗಡಿಯಾರ ನೋಡಿ ಹೇಳುತ್ತೇವೆ, ಬಣ್ಣ ನೋಡಿ ಹೇಳುತ್ತೇವೆ. ನಂಬಿಕೆ ಬರುವುದಿಲ್ಲ, ಇನ್ನರ್ಧ ತಾಸು ಇರಲಿ ಅಂತ ಒಳಗೇ ಬಿಡುತ್ತೇವೆ. ಆ ಅರ್ಧ ತಾಸಿನಲ್ಲಿ ಎದೆ ಮಾಂಸ ಹತ್ತಿಯ ಹಾಗೆ ಆಗಿಬಿಡುತ್ತದೆ.

ನಮ್ಮದು ಬೆಳಗಾವಿಯ ತಿಲಕವಾಡಿ. ಕ್ರಿಸ್‌ಮಸ್ ಬಂತೆಂದರೆ ಕ್ಯಾಂಪ್ ಕಡೆಯ ನೆಂಟರು, ಗೋವಾದಿಂದ ಬರುವ ಮಂದಿ, ಅಕ್ಕಪಕ್ಕದವರು ಎಲ್ಲ ಸೇರಿ ಮನೆ ತುಂಬುತ್ತದೆ. ಟರ್ಕಿ ಮಾಡುವ ಕೆಲಸ ನನ್ನದು. ನನಗೆ ಇದು ಬಹಳ ಇಷ್ಟದ ಕೆಲಸ. ಇಷ್ಟು ದೊಡ್ಡ ಹಕ್ಕಿ, ಇಷ್ಟು ಮಂದಿ. ಒಬ್ಬರಿಗೂ ಹೊಟ್ಟೆ ಕೆಡಬಾರದು, ಒಬ್ಬರೂ ನೀರು ಕುಡಿದು ನುಂಗುವಂತೆ ಆಗಬಾರದು.

ಮೊದಲು ಹಕ್ಕಿಯ ಮಾತು. ಊರ ಸುತ್ತ ಟರ್ಕಿ ಸಾಕುವವರು ಅಲ್ಲಲ್ಲಿ ಇದ್ದಾರೆ. ಅವರಿಗೆ ನವೆಂಬರ್‌ನಲ್ಲೇ ಹೇಳಿಟ್ಟರೆ ಒಳ್ಳೆಯದು. ನಾನು ಆರಿಸುವುದು ಹೆಣ್ಣು ಹಕ್ಕಿ, ಎಳೆಯದು, ಕ್ಲೀನ್ ಮಾಡಿದ ಮೇಲೆ ನಾಲ್ಕೂವರೆಯಿಂದ ಐದು ಕಿಲೋ ಬರುವಂಥದ್ದು. ಗಂಡು ಹಕ್ಕಿ ನೋಡಲು ಭಾರಿ, ಆದರೆ ಮನೆಯ ಓವನ್‌ಗೆ ಹಿಡಿಸುವುದಿಲ್ಲ. ವಯಸ್ಸಾಗಿದ್ದರಂತೂ ತೊಡೆ ಬೇಯುವಷ್ಟರಲ್ಲಿ ಎದೆ ಮುಗಿದಿರುತ್ತದೆ. ಎಳೆಯದೋ ಅಲ್ಲವೋ ತಿಳಿಯಲು ಎದೆಯ ಎಲುಬಿನ ಹಿಂತುದಿ ಒತ್ತಿ ನೋಡುತ್ತೇನೆ. ಎಳೆ ಹಕ್ಕಿಯಲ್ಲಿ ಅದು ಇನ್ನೂ ಮೃದು ಎಲುಬು, ಬೆರಳಿಗೆ ಬಾಗುತ್ತದೆ. ಬಲಿತದ್ದರಲ್ಲಿ ಗಟ್ಟಿ.

ನಮ್ಮ ಕಡೆ ಅಂಗಡಿಯಲ್ಲಿ ಕೋಳಿ ಅಂದರೆ ಚರ್ಮ ಸುಲಿದು ತುಂಡು ಮಾಡಿ ಕೊಡುವುದೇ ರೂಢಿ. ಹಾಗಾಗಿ ಎದುರಿಗೇ ನಿಂತಿರಬೇಕು.

"ಅಕ್ಕಾರ, ಚರ್ಮ ತೆಗೀಲೇನ್ರಿ?"

"ಬ್ಯಾಡ್ರಿ ಭಾಯ್, ಚರ್ಮ ಹಂಗ ಇರ್ಲಿ. ತುಂಡೂ ಮಾಡಬ್ಯಾಡ್ರಿ. ಕುತ್ತಿಗಿ, ಗುಂಡಿಗಿ ಬ್ಯಾರೆ ಕಟ್ಟಿ ಕೊಡ್ರಿ."

ಚರ್ಮ ಇಲ್ಲದ ಟರ್ಕಿಯನ್ನು ಓವನ್‌ನಲ್ಲಿ ಇಡಲೇಬಾರದು ಅಂತ ನನ್ನ ಅಭಿಪ್ರಾಯ. ಮೇಲಿನ ಮಾಂಸಕ್ಕೆ ಬಿಸಿ ನೇರ ತಾಗದಂತೆ ಕಾಯುವುದು ಅದೇ. ಕುತ್ತಿಗೆ, ಗುಂಡಿಗೆ ಗ್ರೇವಿಗೆ ಬೇಕು.

ಆಗಷ್ಟೇ ಕಡಿದ ಹಕ್ಕಿಯನ್ನು ಅದೇ ದಿನ ಬೇಯಿಸುವುದಿಲ್ಲ. ಜೀವ ಹೋದ ಮೇಲೆ ಮಾಂಸ ಸೆಟೆದುಕೊಳ್ಳುತ್ತದೆ. ಆ ಬಿಗಿ ಬಿಡಲು ಹೊತ್ತು ಬೇಕು. ಮನೆಗೆ ತಂದ ಕೂಡಲೇ ಫ್ರಿಜ್‌ಗೆ, ಕಡಿಮೆ ಅಂದರೂ ಒಂದು ದಿನ. ಗೋವಾದಿಂದ ಬರುವವರು ಕೆಲವೊಮ್ಮೆ ಫ್ರೋಜನ್ ಟರ್ಕಿ ತರುತ್ತಾರೆ. ಚೋರ್ಲಾ ಘಾಟಿಯ ದಾರಿಯಲ್ಲಿ ತಾಸುಗಟ್ಟಲೆ ಪ್ರಯಾಣ, ಐಸ್ ಬಾಕ್ಸ್‌ನಲ್ಲೇ ತರಲು ಹೇಳಿರುತ್ತೇನೆ. ಅದನ್ನು ಕರಗಿಸುವುದೂ ಫ್ರಿಜ್‌ನ ಒಳಗೇ. ಸುಮಾರು ಎರಡು ಕಿಲೋಗೆ ಒಂದು ದಿನದ ಲೆಕ್ಕ. ಐದು ಕಿಲೋ ಹಕ್ಕಿಗೆ ಎರಡೂವರೆ ದಿನ. ಹೊತ್ತು ಇಲ್ಲದಿದ್ದರೆ ಚೀಲ ಸೋರದಂತೆ ಕಟ್ಟಿ ತಣ್ಣೀರಲ್ಲಿ ಮುಳುಗಿಸಿ, ಅರ್ಧ ಅರ್ಧ ತಾಸಿಗೆ ನೀರು ಬದಲಿಸಬೇಕು. ಆಗ ಐದಾರು ತಾಸು ಸಾಕು. ಹಾಗೆ ಕರಗಿಸಿದ್ದನ್ನು ಮಾತ್ರ ಕೂಡಲೇ ಬೇಯಿಸಬೇಕು.

"ಡಿಸೆಂಬರ್ ಚಳಿ ಐತಲ್ಲ, ಕಟ್ಟಿ ಮ್ಯಾಲೆ ಇಡು" ಅನ್ನುವವರು ಪ್ರತಿ ಸಲ ಸಿಗುತ್ತಾರೆ. ಬೆಳಗಾವಿಯ ಚಳಿ ನಮಗೆ ಸ್ವೆಟರ್ ಹಾಕಿಸುತ್ತದೆ ನಿಜ. ಆದರೆ ರೋಗ ತರುವ ಬ್ಯಾಕ್ಟೀರಿಯಾಗೆ ಅದು ಚಳಿಯೇ ಅಲ್ಲ. ಅವು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬೆಳೆಯುತ್ತವೆ. ರಾತ್ರಿ ನಮ್ಮ ಅಡುಗೆಮನೆ 15 ಡಿಗ್ರಿಗೆ ಇಳಿದರೂ ಅದು ಫ್ರಿಜ್ ಆಗುವುದಿಲ್ಲ. ಹೊರಗಿನ ಮಾಂಸ ಕರಗಿ ಬೆಚ್ಚಗಾಗಿರುತ್ತದೆ, ಹೊಟ್ಟೆಯೊಳಗೆ ಇನ್ನೂ ಐಸ್ ಇರುತ್ತದೆ.

ತೊಳೆಯುವ ವಿಷಯಕ್ಕೆ ನಮ್ಮ ಮನೆಯಲ್ಲಿ ದೊಡ್ಡ ಮಾತುಕತೆಯೇ ನಡೆದಿದೆ. "ತೊಳೀಲಾರ್ದ ಹ್ಯಾಂಗ ಅಡಿಗಿ ಮಾಡ್ತೀಯವ್ವಾ?" ಅಂತ ನಮ್ಮ ಅತ್ತೆ. ಅರಿಶಿನ ಉಪ್ಪು ಹಾಕಿ ನಾಲ್ಕು ನೀರಲ್ಲಿ ತೊಳೆದೇ ರೂಢಿ ಅವರಿಗೆ. ನಲ್ಲಿ ಕೆಳಗೆ ಹಿಡಿದರೆ ಹಸಿ ಮಾಂಸದ ನೀರು ಸಿಂಕ್‌ಗೆ, ಪಕ್ಕದ ಕೊತ್ತಂಬರಿಗೆ, ತೊಳೆದಿಟ್ಟ ತಟ್ಟೆಗೆ ಎಲ್ಲ ಸಿಡಿಯುತ್ತದೆ. ಹಸಿ ಕೋಳಿಯಲ್ಲಿ ಇರುವ ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ನೀರಿಗೆ ಸಾಯುವುದಿಲ್ಲ, ಸುಮ್ನೆ ಹರಡುತ್ತದೆ. ಸಾಯುವುದು ಬಿಸಿಗೆ. ನಾನು ಹೊಟ್ಟೆಯೊಳಗಿನ ರಕ್ತದ ಗರಣೆಯನ್ನು ಪೇಪರ್ ಟವೆಲ್‌ನಿಂದ ಒರೆಸಿ ತೆಗೆಯುತ್ತೇನೆ, ಹೊರಗೂ ಒತ್ತಿ ಒರೆಸುತ್ತೇನೆ. ಆಮೇಲೆ ಕೈ, ಚಾಕು, ಕಟ್ಟೆ ಎಲ್ಲಕ್ಕೂ ಸೋಪು. ಅತ್ತೆ ಪಕ್ಕದಲ್ಲಿ ಕೂತು ನೋಡಿದರು, ಒಪ್ಪಿಕೊಂಡರು. ಈಗ ಬೇರೆಯವರಿಗೆ ಅವರೇ ಹೇಳುತ್ತಾರೆ.

ಇನ್ನು ಉಪ್ಪು. ಮಾಂಸ ಒಣಗದಿರಲು ಬೇರೇನು ಮಾಡದಿದ್ದರೂ ಇದೊಂದು ಮಾಡಿ. ಬಕೆಟ್‌ನಲ್ಲಿ ಉಪ್ಪುನೀರು ಮಾಡಿ ಮುಳುಗಿಸಿಡುವವರೂ ಇದ್ದಾರೆ. ನನಗೆ ಅದು ಹಿಡಿಸಲಿಲ್ಲ. ಫ್ರಿಜ್‌ನಲ್ಲಿ ಬಕೆಟ್‌ಗೆ ಜಾಗ ಎಲ್ಲಿ? ಮಾಂಸ ನೀರು ಕುಡಿದು ಸಪ್ಪೆಯೂ ಆಗುತ್ತದೆ. ಒಣ ಉಪ್ಪೇ ಸಾಕು. ಕಿಲೋಗೆ 10ರಿಂದ 12 ಗ್ರಾಂ, ಅಂದರೆ ಐದು ಕಿಲೋಗೆ 50ರಿಂದ 60 ಗ್ರಾಂ, ತೂಗಿ ತೆಗೆದುಕೊಳ್ಳುತ್ತೇನೆ. ಅರ್ಧದಷ್ಟು ಎದೆಯ ಚರ್ಮದ ಕೆಳಗೆ. ಕುತ್ತಿಗೆ ಕಡೆಯಿಂದ ಎರಡು ಬೆರಳು ತೂರಿಸಿ ಮೆಲ್ಲಗೆ ಸರಿಸಿದರೆ ಚರ್ಮ ಬಿಡಿಸಿಕೊಳ್ಳುತ್ತದೆ. ನಡುವೆ ಎದೆ ಎಲುಬಿನ ಮೇಲೆ ಮಾತ್ರ ತೆಳ್ಳಗೆ ಅಂಟಿಕೊಂಡಿರುತ್ತದೆ, ಅಲ್ಲಿ ಅವಸರ ಮಾಡಿದರೆ ಹರಿಯುತ್ತದೆ. ಉಳಿದ ಉಪ್ಪು ತೊಡೆಗೆ, ಹೊಟ್ಟೆಯೊಳಗೆ.

ಉಪ್ಪು ಬಿದ್ದ ಮೇಲೆ ಮೊದಲು ನೀರು ಬಿಡುತ್ತದೆ, ಆಮೇಲೆ ಅದೇ ನೀರು ಉಪ್ಪಿನ ಸಮೇತ ಒಳಗೆ ಹೋಗುತ್ತದೆ. ಉಪ್ಪು ಹಿಡಿದ ಮಾಂಸದ ಎಳೆಗಳು ಬಿಸಿಗೆ ಅಷ್ಟು ಬಿಗಿಯಾಗಿ ಹಿಂಡಿಕೊಳ್ಳುವುದಿಲ್ಲ, ರಸ ಒಳಗೇ ಉಳಿಯುತ್ತದೆ. ಇದಕ್ಕೆ ಒಂದೂವರೆ ಎರಡು ದಿನ ಬೇಕು. ಹಕ್ಕಿ ಫ್ರಿಜ್‌ನ ತೀರಾ ಕೆಳಗಿನ ಹಂತದಲ್ಲಿ, ಕೆಳಗೆ ಆಳವಾದ ತಟ್ಟೆ. ಹಾಲು, ಮೊಸರು, ಹಣ್ಣು ಮೇಲೆ. ಕೊನೆಯ ರಾತ್ರಿ ಮೇಲಿನ ಹೊದಿಕೆ ತೆಗೆದುಬಿಡುತ್ತೇನೆ. ಮುಂಜಾನೆ ಮುಟ್ಟಿದರೆ ಚರ್ಮ ಕಾಗದದಂತೆ ಒಣಗಿರಬೇಕು. ಹಾಗಿದ್ದರೇ ಅದು ಗರಿಗರಿ ಬರುವುದು. ಫ್ರೋಜನ್ ಹಕ್ಕಿಯ ಪ್ಯಾಕೆಟ್ ಮೇಲೆ ಉಪ್ಪುನೀರು ಸೇರಿಸಿದ್ದೇವೆ ಅಂತ ಇದ್ದರೆ ಮತ್ತೆ ಉಪ್ಪು ಹಚ್ಚಬೇಡಿ.

ಮಸಾಲೆ ನನ್ನದು ಸರಳ. ಬೆಣ್ಣೆ, ಜಜ್ಜಿದ ಬೆಳ್ಳುಳ್ಳಿ, ಕುಟ್ಟಿದ ಕಾಳುಮೆಣಸು, ನಿಂಬೆ ಸಿಪ್ಪೆಯ ತುರಿ. ಚರ್ಮದ ಕೆಳಗೆ ತುಂಬುತ್ತೇನೆ. ಬ್ಯಾಡಗಿ ಮೆಣಸಿನ ಪುಡಿ ಬಣ್ಣಕ್ಕೆ ಚೆಂದ, ಆದರೆ ಮೂರು ತಾಸಿನ ಬಿಸಿಗೆ ಕರಿದಾಗಿ ಕಹಿ ಬರುತ್ತದೆ. ಬೇಕಿದ್ದರೆ ಕೊನೆಯ ಅರ್ಧ ತಾಸಿಗೆ ಬೆಣ್ಣೆಯಲ್ಲಿ ಕಲಸಿ ಸವರಬಹುದು. ಹೊಟ್ಟೆಯೊಳಗೆ ಅನ್ನ, ಬ್ರೆಡ್ಡು, ಖೀಮಾ ತುಂಬುವುದು ನನಗೆ ಒಪ್ಪಿಗೆ ಇಲ್ಲ. ಹಸಿ ಮಾಂಸದ ರಸ ಅದರೊಳಗೆ ಇಳಿದಿರುತ್ತದೆ, ಹಾಗಾಗಿ ಅದರ ನಡುಭಾಗವೂ ಬ್ಯಾಕ್ಟೀರಿಯಾ ಸಾಯುವ 74 ಡಿಗ್ರಿ ಮುಟ್ಟಲೇಬೇಕು. ಅಷ್ಟು ಹೊತ್ತಿಗೆ ಎದೆ ಒಣಗಿರುತ್ತದೆ. ಸ್ಟಫಿಂಗ್ ಬೇಕಾದರೆ ಬೇರೆ ಪಾತ್ರೆಯಲ್ಲಿ ಬೇಯಿಸಿ. ಒಳಗೆ ಅರ್ಧ ಈರುಳ್ಳಿ, ಅರ್ಧ ನಿಂಬೆಹಣ್ಣು ಸಾಕು.

ಇಷ್ಟಕ್ಕೆಲ್ಲ ಮೂಲ ಕಷ್ಟ ಏನೆಂದರೆ, ಒಂದೇ ಹಕ್ಕಿಯಲ್ಲಿ ಎರಡು ತರಹದ ಮಾಂಸ ಇದೆ. ಎದೆ ಬಿಳಿ ಮಾಂಸ, ಕೊಬ್ಬು ಕಡಿಮೆ. 74 ದಾಟಿ ಮೇಲೆ ಹೋದಷ್ಟೂ ರಸ ಕಳೆದುಕೊಳ್ಳುತ್ತದೆ. ತೊಡೆಯಲ್ಲಿ ನಾರು ಜಾಸ್ತಿ. 74ಕ್ಕೆ ಸುರಕ್ಷಿತ ಹೌದು, ಆದರೆ ಹಲ್ಲಿಗೆ ಜಗ್ಗುತ್ತದೆ. 80ರ ಹತ್ತಿರ ಹೋದಾಗಲೇ ನಾರು ಕರಗಿ ಮೆತ್ತಗಾಗುವುದು. ಅಂದರೆ ತೊಡೆ ಮುಂದೆ ಓಡಬೇಕು, ಎದೆ ಹಿಂದೆ ಉಳಿಯಬೇಕು.

ಅದಕ್ಕೆ ನಾನು ಮಾಡುವುದು ಹೀಗೆ. ಓವನ್‌ಗೆ ಇಡುವ ಮುಂಚೆ ಮುಕ್ಕಾಲು ತಾಸು ಹಕ್ಕಿಯನ್ನು ಹೊರಗೆ ಇಟ್ಟು, ಎದೆಯ ಮೇಲೆ ಮಾತ್ರ ಐಸ್ ತುಂಡು ತುಂಬಿದ ಚೀಲ ಇಡುತ್ತೇನೆ. ತೊಡೆಯ ತಂಪು ಸ್ವಲ್ಪ ಬಿಡುತ್ತದೆ, ಎದೆ ಫ್ರಿಜ್‌ನಷ್ಟೇ ತಣ್ಣಗೆ ಇರುತ್ತದೆ. ಆ ನಾಲ್ಕೈದು ಡಿಗ್ರಿ ಅಂತರ ಕೊನೆಯವರೆಗೂ ಕೆಲಸಕ್ಕೆ ಬರುತ್ತದೆ. ಮುಕ್ಕಾಲು ತಾಸಿಗಿಂತ ಜಾಸ್ತಿ ಬೇಡ.

ನನ್ನದು 60 ಲೀಟರಿನ ಓಟಿಜಿ, ಅಂದರೆ ಮೇಜಿನ ಮೇಲಿಡುವ ಕರೆಂಟ್ ಓವನ್. ಮೇಲಿನ ರಾಡ್ ಎದೆಗೆ ತೀರಾ ಹತ್ತಿರ ಬರುತ್ತದೆ, ಹಾಗಾಗಿ ಟ್ರೇ ತಳದ ಹಂತದಲ್ಲಿ. ಕಾಲು ಓವನ್‌ನ ಹಿಂಭಾಗಕ್ಕೆ, ಅಲ್ಲಿ ಬಿಸಿ ಜಾಸ್ತಿ. ಬಿಸಿ 165 ಡಿಗ್ರಿ. ಗುಂಡಿ ತೋರಿಸುವ ಬಿಸಿ ಒಂದು, ಒಳಗೆ ಇರುವುದು ಇನ್ನೊಂದು, ಹಾಗಾಗಿ ಒಳಗೊಂದು ಓವನ್ ಥರ್ಮಾಮೀಟರ್ ತೂಗುಹಾಕಿದ್ದೇನೆ. ಚರ್ಮ ಹೊಂಬಣ್ಣಕ್ಕೆ ಬಂದ ಕೂಡಲೇ ಎದೆಗೆ ಮಾತ್ರ ಫಾಯಿಲ್ ಮುಚ್ಚುತ್ತೇನೆ. ಐದು ಕಿಲೋಗೆ ಎರಡೂವರೆಯಿಂದ ಮೂರು ತಾಸು ಹಿಡಿಯುತ್ತದೆ. ಆ ಲೆಕ್ಕ ಊಟದ ಹೊತ್ತು ಗೊತ್ತುಮಾಡಲು ಮಾತ್ರ. ಅರ್ಧ ಅರ್ಧ ತಾಸಿಗೆ ಬಾಗಿಲು ತೆಗೆದು ಮೇಲೆ ರಸ ಸುರಿಯುವುದನ್ನು ನಾನು ಮಾಡುವುದಿಲ್ಲ. ಆ ರಸ ಮಾಂಸದೊಳಗೆ ಇಳಿಯುವುದಿಲ್ಲ, ಚರ್ಮ ಮೆತ್ತಗಾಗುತ್ತದೆ, ಓವನ್ ತಣ್ಣಗಾಗುತ್ತದೆ.

ಮಾಂಸಕ್ಕೆ ಚುಚ್ಚುವ ಡಿಜಿಟಲ್ ಥರ್ಮಾಮೀಟರ್ ಇಲ್ಲದೆ ಟರ್ಕಿಗೆ ಕೈ ಹಾಕಬೇಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಅದು ಸರಿ ತೋರಿಸುತ್ತಿದೆಯೇ ಅಂತ ಮೊದಲು ನೋಡಬೇಕು. ಒಂದು ಲೋಟ ತುಂಬ ಪುಡಿ ಐಸ್, ಮೇಲೆ ಸ್ವಲ್ಪ ನೀರು, ಕಲಕಿ ಚುಚ್ಚಿದರೆ 0 ಬರಬೇಕು. ಕುದಿಯುವ ನೀರಿನಲ್ಲಿ ನೋಡುವವರು ಒಂದು ವಿಷಯ ನೆನಪಿಡಿ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಮೇಲಿದೆ. ಇಲ್ಲಿ ನೀರು 97ರಿಂದ 98 ಡಿಗ್ರಿಗೇ ಕುದಿಯುತ್ತದೆ. 100 ಬರಲಿಲ್ಲ ಅಂತ ಒಳ್ಳೆಯ ಥರ್ಮಾಮೀಟರ್ ವಾಪಸ್ ಕೊಟ್ಟೀರಿ!

ಚುಚ್ಚುವುದು ಮೂರು ಕಡೆ. ಎದೆಯ ತೀರಾ ದಪ್ಪ ಜಾಗಕ್ಕೆ ಕುತ್ತಿಗೆ ಕಡೆಯಿಂದ ಅಡ್ಡಲಾಗಿ. ತೊಡೆ ದೇಹಕ್ಕೆ ಸೇರುವ ಒಳಸಂದಿಗೆ. ರೆಕ್ಕೆಯ ಬುಡಕ್ಕೆ. ಎಲುಬಿಗೆ ತಾಗಬಾರದು, ತಾಗಿದರೆ ಲೆಕ್ಕ ತಪ್ಪುತ್ತದೆ. ಮೆಲ್ಲಗೆ ತೂರಿಸುತ್ತಾ ಹೋದರೆ ಅಂಕಿ ಇಳಿಯುತ್ತಾ ಬಂದು ಒಂದು ಕಡೆ ನಿಂತು ಮತ್ತೆ ಏರತೊಡಗುತ್ತದೆ. ತೀರಾ ಕಡಿಮೆ ತೋರಿಸಿದ್ದೇ ಆ ಜಾಗದ ನಿಜವಾದ ಬಿಸಿ. ಎಲ್ಲ ಕಡೆ 74 ಡಿಗ್ರಿ ದಾಟಲೇಬೇಕು. ಅಷ್ಟು ಬಿಸಿಗೆ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾ ಉಳಿಯುವುದಿಲ್ಲ. 74 ದಾಟಿದ ಮೇಲೂ ಎಲುಬಿನ ಹತ್ತಿರ ಗುಲಾಬಿ ಬಣ್ಣ ಇರಬಹುದು, ಎಳೆ ಹಕ್ಕಿಯಲ್ಲಿ ಅದು ಸಹಜ. ರಸ ತಿಳಿಯಾಗಿದ್ದೂ ಒಳಗೆ ಬೇಯದೆ ಇರಬಹುದು. ಬಣ್ಣವನ್ನು ನಂಬಬೇಡಿ.

ಮೊದಲ ಸಲ ಮಾಡುವವರು ಎದೆಯೂ 74 ಆಗುವವರೆಗೆ ಓವನ್‌ನಲ್ಲೇ ಇಡಿ. ನಾನು ತೊಡೆ 78-80, ಎದೆ 72 ಇದ್ದಾಗ ಹೊರಗೆ ತೆಗೆಯುತ್ತೇನೆ. ಹೊರಭಾಗದ ಬಿಸಿ ಒಳಗೆ ಇಳಿಯುತ್ತಾ ಎದೆ ಇನ್ನೂ ಮೂರ್ನಾಲ್ಕು ಡಿಗ್ರಿ ಏರುತ್ತದೆ. ಥರ್ಮಾಮೀಟರ್ ಎದೆಯಲ್ಲೇ ಇರುತ್ತದೆ. 74 ಕಣ್ಣಾರೆ ಕಂಡ ಮೇಲೆಯೇ ಮುಂದಿನ ಮಾತು. ಕಾಲು ತಾಸಿನಲ್ಲಿ ಏರಲಿಲ್ಲ ಅಂದರೆ ವಾಪಸ್ ಓವನ್‌ಗೆ.

ಈಗ ಎಲ್ಲರ ತಾಳ್ಮೆ ಕೆಡುವ ಹೊತ್ತು. ವಾಸನೆ ಓಣಿಗೆಲ್ಲ ಹೋಗಿರುತ್ತದೆ, ಮಕ್ಕಳು ತಟ್ಟೆ ಹಿಡಿದು ನಿಂತಿರುತ್ತಾರೆ. ಆದರೂ ಅರ್ಧ ತಾಸು ಮುಟ್ಟುವುದಿಲ್ಲ. ಬಿಸಿಬಿಸಿ ಇದ್ದಾಗ ಕತ್ತರಿಸಿದರೆ ರಸ ನೀರಾಗಿ ಹಲಗೆ ಮೇಲೆ ಹರಿದು ನೆಲಕ್ಕೂ ಬೀಳುತ್ತದೆ. ಸ್ವಲ್ಪ ತಣಿದರೆ ರಸ ಮಂದವಾಗಿ ಎಳೆಗಳ ನಡುವೆ ನಿಲ್ಲುತ್ತದೆ. ಫಾಯಿಲ್ ಮೇಲೆ ಸಡಿಲವಾಗಿ ಹೊದಿಸುತ್ತೇನೆ. ಬಿಗಿಯಾಗಿ ಸುತ್ತಿದರೆ ಒಳಗೆ ಆವಿ ಹಿಡಿದು ಗರಿ ಚರ್ಮ ಒದ್ದೆಯಾಗುತ್ತದೆ, ಎದೆಯೂ ಬೇಡದಷ್ಟು ಬೇಯುತ್ತದೆ. ಕಿಟಕಿ ಗಾಳಿ ಬೀಸದ ಮೂಲೆಯಲ್ಲಿ ಇಡುತ್ತೇನೆ. ಇಷ್ಟು ದೊಡ್ಡ ಹಕ್ಕಿ ಅರ್ಧ ತಾಸಿಗೆ ತಣ್ಣಗಾಗುವುದಿಲ್ಲ, ಆಗಲೂ ಒಳಗೆ 60 ಡಿಗ್ರಿಯ ಮೇಲೇ ಇರುತ್ತದೆ. ಹಸಿ ಹಕ್ಕಿ ಇಟ್ಟಿದ್ದ ಹಲಗೆ, ತಟ್ಟೆ ಮತ್ತೆ ಹತ್ತಿರ ಬರಬಾರದು.

ಆ ಅರ್ಧ ತಾಸಿನಲ್ಲಿ ಗ್ರೇವಿ ಆಗುತ್ತದೆ. ಕುತ್ತಿಗೆ, ಗುಂಡಿಗೆ ಬೇಯಿಸಿದ ನೀರು ಮೊದಲೇ ತಯಾರಿರುತ್ತದೆ. ಟ್ರೇಯಲ್ಲಿ ಬಿದ್ದ ಕೊಬ್ಬು ಸ್ವಲ್ಪ ತೆಗೆದು ಎರಡು ಚಮಚ ಮೈದಾ ಹುರಿದು, ಆ ನೀರು, ಟ್ರೇ ತಳದ ಕಂದು ರಸ ಹಾಕಿ ಕುದಿಸಿದರೆ ಮುಗಿಯಿತು. ನಮ್ಮ ಮನೆಯಲ್ಲಿ ಬ್ರೆಡ್ಡಿಗಿಂತ ಜೋಳದ ರೊಟ್ಟಿಗೇ ಈ ಗ್ರೇವಿ ಜಾಸ್ತಿ ಖರ್ಚು. ಎದೆಯನ್ನು ಎಲುಬಿನಿಂದ ಇಡಿಯಾಗಿ ಬಿಡಿಸಿ, ಎಳೆಗೆ ಅಡ್ಡಲಾಗಿ ಕತ್ತರಿಸುತ್ತೇನೆ. ಪ್ರತಿ ತುಂಡಿಗೂ ಚರ್ಮ ಬರುತ್ತದೆ, ಎಳೆ ಗಿಡ್ಡವಾಗಿ ಬಾಯಿಗೆ ಮೆತ್ತಗೆ ಸಿಗುತ್ತದೆ.

ಊಟ ಮುಗಿದು ಮಾತಿಗೆ ಕೂತರೆ ಉಳಿದ ಟರ್ಕಿ ಮೇಜಿನ ಮೇಲೇ ಮರೆತುಹೋಗುತ್ತದೆ. ಅದಕ್ಕೇ ಬಡಿಸಲು ಶುರುಮಾಡಿದ ಹೊತ್ತು ನೋಡಿಟ್ಟುಕೊಂಡಿರುತ್ತೇನೆ. ಎರಡು ತಾಸಿನೊಳಗೆ ಮಾಂಸ ಎಲ್ಲ ಬಿಡಿಸಿ ಅಗಲವಾದ, ಆಳ ಕಡಿಮೆ ಇರುವ ಡಬ್ಬಿಗಳಲ್ಲಿ ಫ್ರಿಜ್‌ಗೆ. ಇಡೀ ಹಕ್ಕಿಯನ್ನು ಹಾಗೇ ತಳ್ಳಿದರೆ ನಡುಭಾಗ ತಣಿಯಲು ತುಂಬ ಹೊತ್ತು ಬೇಕು. ಮೂರು ನಾಲ್ಕು ದಿನದಲ್ಲಿ ಮುಗಿಸಬೇಕು, ಮತ್ತೆ ಬಿಸಿ ಮಾಡುವಾಗಲೂ 74. ನಮ್ಮಲ್ಲಿ ಮರುದಿನ ತೊಡೆ ಮಾಂಸದ ಪಲಾವ್. ಎಲುಬನ್ನು ಈರುಳ್ಳಿ, ಮೆಣಸು, ಎರಡು ಲವಂಗದ ಜೊತೆ ಮೂರು ತಾಸು ಸಣ್ಣ ಉರಿಯಲ್ಲಿಟ್ಟರೆ ಆ ಪಲಾವ್‌ಗೆ ಬೇಕಾದ ನೀರು ಅದೇ.