ಕರೆನ್ಸಿ ಬಿದ್ದಾಗ ರಫ್ತು ಏರಿತಾ? ನಾನು ಲೆಕ್ಕ ನೋಡುವ ಬಗೆ

ಕರೆನ್ಸಿ ಬಿದ್ದರೆ ರಫ್ತು ತಾನಾಗಿಯೇ ಏರುತ್ತದೆ ಅನ್ನುವವರು ಬಹಳ ಜನ. ನನ್ನ ಸಂಶೋಧನೆಯಲ್ಲಿ ನಾನು ಮೊದಲು ಕೇಳುವುದೇ ಬೇರೆ: ಬಿಲ್ ಯಾವ ಕರೆನ್ಸಿಯಲ್ಲಿದೆ?

10 ಡಾಲರ್‌ಗೆ ಮಾರುವ ಒಂದು ಟೀ ಶರ್ಟ್ ತೆಗೆದುಕೊಳ್ಳಿ. ಮಾರುವ ದೇಶದ ಕರೆನ್ಸಿ ಡಾಲರ್ ಎದುರು ಶೇ. 10ರಷ್ಟು ಬಿತ್ತು. ಬಿಲ್‌ನಲ್ಲಿ ಮಾತ್ರ ಅದೇ 10 ಡಾಲರ್. ಕೊಳ್ಳುವವನಿಗೆ ಏನೂ ಅಗ್ಗವಾಗಲಿಲ್ಲ, ಮತ್ತೆ ಅವನು ಯಾಕೆ ಜಾಸ್ತಿ ಕೊಳ್ಳುತ್ತಾನೆ? ಆದರೆ ಸ್ವದೇಶದ ಕರೆನ್ಸಿಯಲ್ಲಿ ಲೆಕ್ಕ ಹಾಕಿದರೆ ರಫ್ತು ಸುಮಾರು ಶೇ. 11 ಏರಿದಂತೆ ಕಾಣುತ್ತದೆ. ಒಂದು ಅಂಗಿಯೂ ಹೆಚ್ಚಿಗೆ ಹೋಗಿರುವುದಿಲ್ಲ! ನೂಲು, ಬಣ್ಣ ಆಮದಾಗಿದ್ದರೆ ಮಾರುವವನಿಗೆ ಉಳಿದ ಲಾಭದಲ್ಲೂ ಒಂದು ಪಾಲು ಅಲ್ಲಿಗೇ ಹೋಗುತ್ತದೆ. ಡಾಲರ್ ಬಿಲ್ಲಿನ ಈ ಪರಿಣಾಮವನ್ನು ಅರ್ಥಶಾಸ್ತ್ರಜ್ಞೆ ಗೀತಾ ಗೋಪಿನಾಥ್ ಮತ್ತು ಜೊತೆಗಾರರು 2020ರ ಪ್ರಬಂಧದಲ್ಲಿ ಹಲವು ದೇಶಗಳ ಅಂಕಿಅಂಶ ಇಟ್ಟು ತೋರಿಸಿದ್ದಾರೆ.

ಹಾಗಾಗಿ ನಾನು ಮೊತ್ತ ಬಿಟ್ಟು ತೂಕ ನೋಡುತ್ತೇನೆ. ವಿಶ್ವಸಂಸ್ಥೆಯ ವ್ಯಾಪಾರ ಅಂಕಿಅಂಶಗಳ ಸಂಗ್ರಹವಾದ ಕಾಮ್‌ಟ್ರೇಡ್‌ನಲ್ಲಿ ಹತ್ತಿಯ ಟೀ ಶರ್ಟ್‌ಗೆ ಎಚ್‌ಎಸ್ ಕೋಡ್ (ಸರಕು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ) 610910. ಎಷ್ಟು ಕಿಲೋ ಹೋಯಿತು, ಕಿಲೋಗೆ ಎಷ್ಟು ಡಾಲರ್ ಬಂತು, ಇವೆರಡನ್ನೂ ಬೇರೆ ಬೇರೆ ಸಾಲಿನಲ್ಲಿ ಇಡುತ್ತೇನೆ. 2012, 2017, 2022ರಲ್ಲಿ ಕೋಡ್‌ಗಳು ಪರಿಷ್ಕರಣೆಯಾಗಿವೆ. ಹಳೆಯದನ್ನು ಹೊಸದಕ್ಕೆ ಹೊಂದಿಸದಿದ್ದರೆ ಕೆಲವು ಸರಕು ಒಂದೇ ವರ್ಷದಲ್ಲಿ ಮಾಯವಾದಂತೆ ಕಾಣುತ್ತದೆ. ಬೇಜಾರಿನ ಕೆಲಸ, ಆದರೆ ತಪ್ಪಿಸಿಕೊಳ್ಳುವ ಹಾಗಿಲ್ಲ. ಇನ್ನು ಡಾಲರ್ ಒಂದರ ದರ ಸಾಲದು. ಎಲ್ಲ ಮುಖ್ಯ ವ್ಯಾಪಾರಿ ದೇಶಗಳ ದರ, ಹಣದುಬ್ಬರ ಸೇರಿದ ನೈಜ ಪರಿಣಾಮಕಾರಿ ವಿನಿಮಯ ದರ, ಅಂದರೆ ಆರ್‌ಇಇಆರ್ ಬೇಕು.

ರಫ್ತು ಪ್ರೋತ್ಸಾಹದ ಲೆಕ್ಕ ಇನ್ನೂ ಜಾರುತ್ತದೆ. ಸರ್ಕಾರದ ನೆರವಿನಿಂದ ವ್ಯಾಪಾರ ಮೇಳಕ್ಕೆ ಹೋದ ಕಂಪನಿಗಳ ರಫ್ತು ಉಳಿದವರಿಗಿಂತ ಜಾಸ್ತಿ ಅಂತ ವರದಿ ಬರುತ್ತದೆ. ಇರಲೇಬೇಕಲ್ವಾ? ಅರ್ಜಿ ಹಾಕಿದ್ದೇ ಚೆನ್ನಾಗಿ ನಡೆಯುತ್ತಿದ್ದ ಕಂಪನಿಗಳು. ಅದಕ್ಕೇ ನಾನು ಅರ್ಜಿ ಹಾಕಿಯೂ ಜಾಗ ಸಿಗದವರ ಪಟ್ಟಿ ಕೇಳುತ್ತೇನೆ. ಆಯ್ಕೆಯಾದವರ ಹೆಸರು ಕಡತದಲ್ಲಿ ಜೋಪಾನವಾಗಿರುತ್ತದೆ, ಬಿಟ್ಟುಹೋದವರದ್ದು ಸಿಗುವುದೇ ಅಪರೂಪ. ಸಿಕ್ಕರೆ ಎರಡೂ ಗುಂಪಿನಲ್ಲಿ ಯಾರು ಹೊಸ ದೇಶಕ್ಕೆ ಮಾರಿದರು, ಮರುವರ್ಷವೂ ಅಲ್ಲಿಗೆ ಸರಕು ಹೋಯಿತಾ ಅಂತ ನೋಡುತ್ತೇನೆ. ಒಂದು ಸಲ ಸ್ಯಾಂಪಲ್ ಕಳಿಸಿ ನಿಂತಿದ್ದನ್ನು ಹೊಸ ಮಾರುಕಟ್ಟೆ ಅಂತ ಎಣಿಸುವುದಿಲ್ಲ.