ತುರಿಕೆ, ದದ್ದು, ಗುಳ್ಳೆ: ಮುಲಾಮು ಹಚ್ಚುವ ಮೊದಲು ಹೀಗೆ ನೋಡಿ

ಮೈಮೇಲೆ ಏನಾದರೂ ಕೆಂಪಗೆ ಎದ್ದರೆ ಬಹಳಷ್ಟು ಜನ ಮೊದಲು ಮಾಡುವ ಕೆಲಸ ಒಂದೇ. ಮೆಡಿಕಲ್ ಶಾಪಿಗೆ ಹೋಗಿ "ತುರಿಕೆಗೆ ಒಂದು ಟ್ಯೂಬ್ ಕೊಡಿ" ಅನ್ನುವುದು. ಎರಡು ದಿನದಲ್ಲಿ ಕೆಂಪು ಇಳಿಯುತ್ತದೆ. ಟ್ಯೂಬ್ ಮುಗಿದ ಮೇಲೆ ಮತ್ತೆ ಏಳುತ್ತದೆ, ಈ ಸಲ ಇನ್ನೂ ಜಾಸ್ತಿ. ಅಷ್ಟರಲ್ಲಿ ಅದು ಯಾವ ಕಾಯಿಲೆ ಅಂತ ತಿಳಿಸುವ ಗುರುತುಗಳೆಲ್ಲ ಅಳಿಸಿಹೋಗಿರುತ್ತವೆ. ಹಾಗಾಗಿ ಮೊದಲ ಹೆಜ್ಜೆ: ಏನೂ ಹಚ್ಚಬೇಡಿ. ಕಿಟಕಿ ಪಕ್ಕ ಹಗಲು ಬೆಳಕಿನಲ್ಲಿ ನೋಡಿ, ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಡಿ. ಕಂದು ಮೈಬಣ್ಣದವರಲ್ಲಿ ಕೆಂಪು ಅಷ್ಟಾಗಿ ಎದ್ದು ಕಾಣುವುದಿಲ್ಲ. ಬೆರಳಿನಿಂದ ಸವರಿಯೂ ನೋಡಿ.

ಗಾಜಿನ ಲೋಟ, ಬಾಲ್‌ಪೆನ್

ಜ್ವರದ ಜೊತೆ ಕಲೆ ಎದ್ದಿದ್ದರೆ ಪಾರದರ್ಶಕ ಗಾಜಿನ ಲೋಟವನ್ನು ಅದರ ಮೇಲೆ ಒತ್ತಿ ನೋಡಿ. ಸಾಮಾನ್ಯ ದದ್ದು ಒತ್ತಿದಾಗ ಮಾಸುತ್ತದೆ. ಒತ್ತಿದರೂ ಹೋಗದ ಕೆಂಪು-ನೇರಳೆ ಚುಕ್ಕೆಗಳಿದ್ದರೆ ಚರ್ಮದ ಕೆಳಗೆ ರಕ್ತ ಒಸರಿದೆ ಎಂದರ್ಥ. ಡೆಂಗಿಯಲ್ಲೂ ಹೀಗಾಗಬಹುದು, ಮಿದುಳು ಜ್ವರ ತರುವ ಕೆಲವು ಸೋಂಕುಗಳಲ್ಲೂ ಆಗಬಹುದು. ಬೆಳಗಾಗಲಿ ಅಂತ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಮಕ್ಕಳಿಗೆ ಜ್ವರ, ಕೆಮ್ಮು, ಕೆಂಗಣ್ಣಿನ ಜೊತೆ ಮುಖ, ಕಿವಿ ಹಿಂಭಾಗದಿಂದ ಶುರುವಾಗಿ ಕೆಳಗಿಳಿಯುವ ದದ್ದು ದಡಾರದ್ದಿರಬಹುದು. ಅದಕ್ಕೂ ವೈದ್ಯರು ಬೇಕು.

ಜ್ವರ ಇಲ್ಲ, ಸೊಳ್ಳೆ ಕಚ್ಚಿದ ಹಾಗೆ ಉಬ್ಬಿದ ಗಾದರಿ ಇದೆಯಾ? ಒಂದು ಗಾದರಿಯ ಸುತ್ತ ಪೆನ್ನಿನಿಂದ ಗೆರೆ ಎಳೆದು ಟೈಮ್ ಬರೆದಿಡಿ. 24 ಗಂಟೆಯೊಳಗೆ ಅದು ಕಲೆ ಉಳಿಸದೆ ಮಾಯವಾಗಿ, ಇನ್ನೊಂದು ಕಡೆ ಹೊಸದು ಎದ್ದಿದ್ದರೆ ಅದು ಪಿತ್ತದ ಗಂಧೆ. ಇದಕ್ಕೂ ಪಿತ್ತಕೋಶಕ್ಕೂ ಸಂಬಂಧವಿಲ್ಲ. ಚರ್ಮದಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗುವುದರಿಂದ ಹೀಗಾಗುತ್ತದೆ. ನೋವಿನ ಮಾತ್ರೆ, ಸೀಗಡಿ, ಕಡಲೆಕಾಯಿ, ವೈರಲ್ ಜ್ವರ, ಯಾವುದಾದರೂ ಕಾರಣವಾಗಬಹುದು. ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ. ತುಟಿ, ನಾಲಿಗೆ ಊದಿಕೊಂಡರೆ, ಉಸಿರು ಕಟ್ಟಿದರೆ ಮಾತ್ರ ಅದು ತುರ್ತು ಪರಿಸ್ಥಿತಿ.

ಒಂದೇ ಬದಿಗೆ ಇದೆಯಾ?

ಕನ್ನಡಿ ಮುಂದೆ ನಿಂತು ನೋಡಿ. ಬೆನ್ನಿನಿಂದ ಎದೆಯ ಕಡೆಗೆ, ಒಂದೇ ಬದಿಯಲ್ಲಿ ಪಟ್ಟಿಯಂತೆ ನೀರುಗುಳ್ಳೆ ಎದ್ದಿದ್ದರೆ, ಅದಕ್ಕೆ ಮೊದಲೇ ಅಲ್ಲಿ ಉರಿ, ನೋವು ಇದ್ದಿದ್ದರೆ ಅದು ಬಹುತೇಕ ಸರ್ಪಸುತ್ತು. ಹಿಂದೆ ಯಾವಾಗಲೋ ಬಂದು ಹೋದ ಸೀತಾಳೆ ಸಿಡುಬಿನ ವೈರಸ್ ನರದಲ್ಲಿ ಅಡಗಿದ್ದು ಮತ್ತೆ ಎದ್ದಿರುತ್ತದೆ. ಹಾವಿನ ತಲೆ-ಬಾಲ ಕೂಡಿದರೆ ಜೀವಕ್ಕೇ ಅಪಾಯ ಅಂತ ಊರ ಕಡೆ ಹೇಳುತ್ತಾರಲ್ವಾ, ಅದಕ್ಕೆ ಹೆದರಬೇಡಿ. ಗುಳ್ಳೆ ಏಳುವುದು ಒಂದು ನರ ಹರಡಿರುವಷ್ಟು ಜಾಗದಲ್ಲಿ. ಆ ನರದ ಹರಹು ಮೈಯ ನಡುಗೆರೆಗೆ ಮುಗಿಯುತ್ತದೆ. ನಿಜವಾದ ತೊಂದರೆ ಏನೆಂದರೆ, ಕೆಮ್ಮಣ್ಣು ಬಳಿದುಕೊಂಡು ಕೂರುವುದರಲ್ಲಿ ಮೊದಲ 72 ಗಂಟೆ ಕಳೆದುಹೋಗುತ್ತದೆ. ವೈರಸ್ ವಿರುದ್ಧದ ಮಾತ್ರೆ ಚೆನ್ನಾಗಿ ಕೆಲಸ ಮಾಡುವುದೇ ಆಗ. ಗುಳ್ಳೆ ಹಣೆ, ಕಣ್ಣು, ಮೂಗಿನ ತುದಿಯಲ್ಲಿದ್ದರೆ ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಿ.

ಇದನ್ನೇ ಹೋಲುವ ಇನ್ನೊಂದಿದೆ. ಮಳೆಗಾಲದ ರಾತ್ರಿ ದೀಪಕ್ಕೆ ಬರುವ, ಇರುವೆ ಗಾತ್ರದ ಕಪ್ಪು-ಕಿತ್ತಳೆ ಬಣ್ಣದ ಪೀಡೆರಸ್ ಹುಳು. ಅದು ಕಚ್ಚುವುದಿಲ್ಲ. ಕುತ್ತಿಗೆ ಮೇಲೆ ಕೂತಾಗ ಹೊಸಕಿಬಿಟ್ಟರೆ ಅದರ ಮೈಯ ರಸ ತಾಗುತ್ತದೆ, ಮರುದಿನ ಗೀರು ಎಳೆದಂತೆ ಸುಟ್ಟ ಗುಳ್ಳೆ ಏಳುತ್ತದೆ. ಊದಿ ಓಡಿಸಿ, ತಾಗಿದ ಜಾಗವನ್ನು ಸೋಪಿನಿಂದ ತೊಳೆಯಿರಿ.

ಮನೆಯಲ್ಲಿ ಇನ್ಯಾರಿಗೆ ತುರಿಕೆ?

ಈ ಪ್ರಶ್ನೆಯನ್ನು ಬಿಡಲೇಬೇಡಿ. ರಾತ್ರಿ ಜಾಸ್ತಿಯಾಗುವ ತುರಿಕೆ, ಬೆರಳ ಸಂದು, ಮಣಿಕಟ್ಟು, ಸೊಂಟ, ಹೊಕ್ಕುಳ ಸುತ್ತ ಸಣ್ಣ ಗುಳ್ಳೆ, ಮನೆಯಲ್ಲಿ ಇನ್ನೊಬ್ಬರಿಗೂ ಅದೇ ತೊಂದರೆ ಇದ್ದರೆ ಅದು ಕಜ್ಜಿ ಇರಬಹುದು. ಹಾಸ್ಟೆಲ್ ಮಕ್ಕಳಲ್ಲಿ ಇದು ಸಾಮಾನ್ಯ. ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿ ಚರ್ಮದಲ್ಲಿ ಬಿಲ ಕೊರೆದು ಮೊಟ್ಟೆ ಇಡುತ್ತದೆ. ಮೊದಲ ಸಲ ತಗುಲಿದವರಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರವೂ ಬೇಕಾಗಬಹುದು. ಅಂದರೆ ತುರಿಕೆ ಇಲ್ಲದವರ ಮೈಯಲ್ಲೂ ನುಸಿ ಇರಬಹುದು. ಹಾಗಾಗಿ ವೈದ್ಯರು ಪರ್ಮೆಥ್ರಿನ್ ಕ್ರೀಮ್ ಬರೆದುಕೊಟ್ಟರೆ ಮನೆಮಂದಿಯೆಲ್ಲ ಒಂದೇ ರಾತ್ರಿ ಹಚ್ಚಿಕೊಳ್ಳಬೇಕು. ತುರಿಸುವ ಕಡೆ ಮಾತ್ರ ಅಲ್ಲ, ಕುತ್ತಿಗೆಯಿಂದ ಪಾದದವರೆಗೆ. ಉಗುರಿನ ಕೆಳಗೂ. ಸಾಮಾನ್ಯವಾಗಿ ವಾರದ ನಂತರ ಇನ್ನೊಮ್ಮೆ. ಹಾಸಿಗೆ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಿರಿ. ಒಗೆಯಲಾಗದ್ದನ್ನು ಒಂದು ವಾರ ಚೀಲದಲ್ಲಿ ಕಟ್ಟಿಟ್ಟರೆ ಸಾಕು.

ಅಂಚು ನೋಡಿ

ತೊಡೆಸಂದು, ಸೊಂಟದಲ್ಲಿ ಉಂಗುರದಂಥ ಕಲೆ ಇದ್ದು, ಅಂಚು ಉಬ್ಬಿ ಹೊಟ್ಟು ಏಳುತ್ತಿದ್ದು, ನಡುವೆ ಚರ್ಮ ತಿಳಿಯಾಗಿದ್ದರೆ ಅದು ಹುಳುಕಡ್ಡಿ. ಹೆಸರಲ್ಲಿ ಹುಳು ಇದ್ದರೂ ಇದು ಶಿಲೀಂಧ್ರದ ಕೆಲಸ. ಟ್ಯೂಬಿನ ಕಾಟ ಜಾಸ್ತಿ ಇರುವುದು ಇಲ್ಲೇ. ಅದರ ಮೇಲೆ ಕ್ಲೋಬೆಟಾಸಾಲ್, ಬೆಟಾಮೆಥಾಸೋನ್, ಮೊಮೆಟಾಸೋನ್ ಅಂತ ಇದ್ದರೆ ಅದು ಸ್ಟೀರಾಯ್ಡ್. ತುರಿಕೆ ಅಡಗುತ್ತದೆ, ಆದರೆ ಚರ್ಮದ ರಕ್ಷಣೆ ಕುಂದಿ ಶಿಲೀಂಧ್ರ ಆರಾಮಾಗಿ ಹರಡುತ್ತದೆ. ಉಂಗುರದ ಆಕಾರವೇ ಕೆಟ್ಟು ವೈದ್ಯರಿಗೂ ಗುರುತು ಸಿಗುವುದಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಎಂದಿತು. ಆದರೂ ಕೇಳಿದರೆ ಸಿಗುತ್ತವೆ ಅನ್ನುವುದು ಎಲ್ಲರಿಗೂ ಗೊತ್ತು.

ಅಂಚು ಯಾವುದೋ ವಸ್ತುವಿನ ಆಕಾರದಲ್ಲೇ ಇದ್ದರೆ ಕಾರಣ ಅಲ್ಲೇ ಇದೆ. ಬೊಟ್ಟಿನ ಜಾಗದಲ್ಲಿ ದುಂಡಗೆ ತುರಿಕೆ ಬಂದರೆ ಬಿಂದಿಯ ಅಂಟು. ಹೊಕ್ಕುಳ ಕೆಳಗೆ ಬಂದರೆ ಪ್ಯಾಂಟಿನ ಗುಂಡಿಯ ನಿಕಲ್. ಬಾಯಿ ಸುತ್ತ ಬಂದರೆ ಮಾವಿನ ಸೊನೆ. ಗೋಡಂಬಿ ಸಿಪ್ಪೆಯ ಎಣ್ಣೆಯೂ ಹೀಗೇ ಸುಡುತ್ತದೆ, ಮಾವು-ಗೇರು ಒಂದೇ ಕುಟುಂಬದವು. ಬೇಸಿಗೆಯಲ್ಲಿ ಕುತ್ತಿಗೆ, ಬೆನ್ನಿನ ಮೇಲೆ ಸಾಸಿವೆಯಷ್ಟು ಚಿಕ್ಕ ಗುಳ್ಳೆ ಬಂದರೆ ಬರೀ ಬೆವರುಸಾಲೆ. ಗಾಳಿಯಾಡುವ ಹತ್ತಿ ಬಟ್ಟೆ ಹಾಕಿ, ಸುಮ್ನೆ ಬಿಡಿ.

ತುರಿಕೆಯೂ ಇಲ್ಲದ, ನೋವೂ ಇಲ್ಲದ, ಬಣ್ಣ ಮಾತ್ರ ಮಾಸಿದ ಮಚ್ಚೆಯನ್ನು ಜನ ತಿಂಗಳುಗಟ್ಟಲೆ ಹಾಗೇ ಬಿಡುತ್ತಾರೆ. ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಮುಟ್ಟಿ. ಮುಟ್ಟಿದ್ದು ಗೊತ್ತಾಗದಿದ್ದರೆ ಕುಷ್ಠ ಇರಬಹುದು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಔಷಧಿ ಉಚಿತ. ಆರು ಅಥವಾ 12 ತಿಂಗಳು ತೆಗೆದುಕೊಂಡರೆ ಪೂರ್ತಿ ವಾಸಿಯಾಗುತ್ತದೆ.