ಕಾಡಿಗೆ ಇಳಿಯೋದು ನೀರಿಗಲ್ಲ, ಎಣ್ಣೆಗೆ

ಬೆಳಿಗ್ಗೆ ಎಂಟಕ್ಕೆ ಹಚ್ಚಿದ ಕಾಡಿಗೆ ಹನ್ನೊಂದರ ಹೊತ್ತಿಗೆ ಕಣ್ಣ ಕೆಳಗೆ ಇಳಿದು, ಮೂರು ರಾತ್ರಿ ನಿದ್ದೆಗೆಟ್ಟವರ ಮುಖ ಆಗಿಬಿಡುತ್ತದೆ. ಬೆವರಿಗೆ ಇಳೀತು ಅಂದುಕೊಂಡು ವಾಟರ್‌ಪ್ರೂಫ್ ತರುತ್ತಾರೆ. ಅದೂ ಇಳಿಯುತ್ತದೆ. ಯಾಕೆಂದರೆ ಇಳಿಸಿದ್ದು ನೀರಲ್ಲ, ಎಣ್ಣೆ. ಅಂಗಡಿಯ ಕಾಡಿಗೆಯಾಗಲಿ ಕಣ್ಣಿನ ಪೆನ್ಸಿಲ್ ಆಗಲಿ ಮೇಣ, ಎಣ್ಣೆಗಳಲ್ಲಿ ಕಲಸಿದ ಕಪ್ಪು. ಮೇಣ ನೀರಿಗೆ ಜಗ್ಗುವುದಿಲ್ಲ, ಎಣ್ಣೆ ತಾಗಿದರೆ ಮೆತ್ತಗಾಗಿ ಹರಿಯುತ್ತದೆ. ರೆಪ್ಪೆಯ ಚರ್ಮ ತಾನೇ ಜಿಡ್ಡು ಬಿಡುತ್ತದೆ. ಅದರ ಮೇಲೆ ರಾತ್ರಿಯ ಕ್ರೀಮು, ತಲೆಗೆ ಹಾಕಿ ಹಣೆಯಿಂದ ಇಳಿದ ಕೊಬ್ಬರಿ ಎಣ್ಣೆ. ಗೆರೆ ನಿಲ್ಲುವುದಾದರೂ ಎಲ್ಲಿ?

ಹಾಗಾಗಿ ಕೊಳ್ಳುವ ಮೊದಲೇ ಪರೀಕ್ಷೆ ಮಾಡಿ. ಅಂಗಡಿಯ ಟೆಸ್ಟರನ್ನು ಕಣ್ಣಿಗೆ ತಾಗಿಸಬೇಡಿ, ಎಷ್ಟು ಜನರ ರೆಪ್ಪೆ ಮುಟ್ಟಿ ಬಂದಿದೆಯೋ ಯಾರಿಗೆ ಗೊತ್ತು. ಮುಂಗೈ ಮೇಲೆ ಒಂದಿಂಚಿನ ಗೆರೆ ಎಳೆಯಿರಿ. ಎಳೆಯುವಾಗ ಚರ್ಮವೂ ಜೊತೆಗೆ ಜಗ್ಗಿಕೊಂಡು ಹೋದರೆ ಆ ಪೆನ್ಸಿಲ್ ಗಟ್ಟಿ, ರೆಪ್ಪೆಗೆ ಆಗದು. 5 ನಿಮಿಷ ಬಿಟ್ಟು ಮೊದಲು ಒಣ ಬೆರಳಲ್ಲಿ ಒರೆಸಿ, ಆಮೇಲೆ ಒದ್ದೆ ಬೆರಳಲ್ಲಿ, ಕೊನೆಗೆ ಮೂಗಿನ ಪಕ್ಕದ ಜಿಡ್ಡು ಮುಟ್ಟಿದ ಬೆರಳಲ್ಲಿ. ಮೂರಕ್ಕೂ ಅಲುಗದ ಗೆರೆ ಮಂಗಳೂರಿನ ಏಪ್ರಿಲ್ ತಿಂಗಳಿಗೂ ಆದೀತು. ಜಿಡ್ಡಿಗೆ ಮಾತ್ರ ಹರಡಿದರೆ ಒಣ ಚರ್ಮದವರಿಗೆ ಸಾಕು, ಎಣ್ಣೆ ಚರ್ಮದವರಿಗೆ ಸಾಲದು. ಒದ್ದೆ ಬೆರಳಿಗೇ ಕೈಕೊಟ್ಟಿದ್ದನ್ನು ಅಲ್ಲೇ ಇಟ್ಟು ಬನ್ನಿ.

ಕಣ್ಣಿಗೆ ಗೆರೆ ಎಳೆಯುವ ಲೈನರ್‌ಗಳಲ್ಲಿ ನಾಲ್ಕು ಜಾತಿ. ಪೆನ್ಸಿಲ್ ಕಲಿಯುವವರಿಗೆ, ಐವತ್ತು ದಾಟಿದವರಿಗೆ, ಕೈ ನಡುಗುವವರಿಗೆ. ತಪ್ಪಿದರೆ ಉಜ್ಜಿ ಮೃದು ಮಾಡಿಬಿಡಬಹುದು. ಕಾಜಲ್ ಎಂದು ಮಾರುವ ತಿರುಗಿಸುವ ಕಡ್ಡಿ ಪೆನ್ಸಿಲ್‌ಗಿಂತ ಮೆತ್ತಗೆ, ಕಪ್ಪು ಹೆಚ್ಚು, ಹರಡುವುದೂ ಹೆಚ್ಚು. ಜೆಲ್ ಚಿಕ್ಕ ಗಾಜಿನ ಡಬ್ಬಿಯಲ್ಲಿ ಬರುತ್ತದೆ, ಬ್ರಷ್ ಬೇಕು. ಹಚ್ಚಿದಾಗ ಅರ್ಧ ನಿಮಿಷ ತಿದ್ದಲು ಬಿಡುತ್ತದೆ, ಒಣಗಿದ ಮೇಲೆ ಗಟ್ಟಿ ನಿಲ್ಲುತ್ತದೆ. ಎಣ್ಣೆ ಚರ್ಮಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ ಅಂತ ನನ್ನ ಲೆಕ್ಕ. ಇನ್ನು ನೀರು ಲೈನರ್, ಅಂದರೆ ಶೀಷೆಯಲ್ಲಿ ಬ್ರಷ್ ಇರುವುದು ಅಥವಾ ಸ್ಕೆಚ್ ಪೆನ್ನಿನ ಹಾಗಿರುವುದು. ಗೆರೆ ಅತಿ ಚೊಕ್ಕ, ಆದರೆ ಕ್ಷಮೆ ಇಲ್ಲ. ಪೆನ್ನಿನ ಬಗೆಯನ್ನು ಮುಚ್ಚಳ ಬಿಗಿದು, ತುದಿ ಕೆಳಗೆ ಮಾಡಿ ಇಡಿ. ಮೇಲೆ ಮಾಡಿಟ್ಟರೆ ಮಸಿ ಹಿಂದೆ ಸರಿದು ಗೆರೆ ತುಂಡು ತುಂಡಾಗುತ್ತದೆ. ಬಣ್ಣದ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ: ದಿನಬಳಕೆಗೆ ಕಪ್ಪು ಗಡುಸು ಅನಿಸಿದರೆ ಕಾಫಿ ಕಂದು ಹಚ್ಚಿ ನೋಡಿ, ಅಷ್ಟೆ.

ಸಾಮಾನು ಜಾಸ್ತಿ ಬೇಡ. ಜೆಲ್‌ಗೆ ಓರೆಯಾಗಿ ಕತ್ತರಿಸಿದ ಚಪ್ಪಟೆ ಬ್ರಷ್ ಒಂದು, ಕೂದಲು ಒತ್ತೊತ್ತಾಗಿ ಗಟ್ಟಿಯಾಗಿರಬೇಕು. ಬೆರಳಲ್ಲಿ ಒತ್ತಿದಾಗ ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಬ್ರಷ್ ಗೆರೆ ಎಳೆಯುವುದಿಲ್ಲ, ಬಳಿಯುತ್ತದೆ. ಪೆನ್ಸಿಲ್‌ಗೆ ಒಳ್ಳೆಯ ಮೆಂಡರ್. ಮಕ್ಕಳ ಪೆನ್ಸಿಲ್ ಬಾಕ್ಸಿನದಲ್ಲ, ಅದರಲ್ಲಿ ಬರೆಯುವ ಪೆನ್ಸಿಲ್ಲಿನ ಗ್ರಾಫೈಟ್ ಪುಡಿ ಇರುತ್ತದೆ. ಮೆತ್ತಗಿನ ಪೆನ್ಸಿಲ್ ಹೆರೆಯುವಾಗ ಮುರಿಯುತ್ತಿದ್ದರೆ 10 ನಿಮಿಷ ಫ್ರಿಜ್‌ನಲ್ಲಿಟ್ಟು ಹೆರೆಯಿರಿ. ಹೆರೆದ ಕೂಡಲೇ ತುದಿ ಮುಳ್ಳಿನಂತಿರುತ್ತದೆ. ಮುಂಗೈ ಮೇಲೆ ಎರಡು ಸುತ್ತು ಸುತ್ತಿ ಮೊನೆ ಮೊಂಡು ಮಾಡಿಯೇ ಕಣ್ಣಿಗೆ ತನ್ನಿ. ಗಟ್ಟಿಯಾಗಿದ್ದರೆ ಬೆರಳ ನಡುವೆ ಹಿಡಿದು ಬಿಸಿ ಮಾಡಿ. ದೀಪಕ್ಕೆ ಹಿಡಿಯುವುದು, ಎಂಜಲು ಹಚ್ಚುವುದು ಎರಡೂ ಹಳೇ ಚಾಳಿ, ಎರಡೂ ಬೇಡ. ಬಾಯಲ್ಲಿರುವ ಕ್ರಿಮಿಗೆ ಕಣ್ಣಲ್ಲಿ ಜಾಗ ಕೊಟ್ಟಂತೆ.

ಈಗ ಹಚ್ಚುವ ಕೆಲಸ. ಮುಖ ತೊಳೆದು ಒರೆಸಿ, ಕ್ರೀಮ್ ಹಚ್ಚುವುದಿದ್ದರೆ ರೆಪ್ಪೆ ಬಿಟ್ಟು ಹಚ್ಚಿ 10 ನಿಮಿಷ ಕಾಯಿರಿ. ಆಮೇಲೆ ಮೆತ್ತನೆಯ ಟಿಶ್ಯೂ ಅಥವಾ ಹಳೇ ಮಲ್ ಬಟ್ಟೆಯ ತುಂಡನ್ನು ರೆಪ್ಪೆ ಮೇಲೆ ಒತ್ತಿ ಜಿಡ್ಡು ತೆಗೆಯಿರಿ, ಉಜ್ಜಬೇಡಿ. ಚೂರೇ ಚೂರು ಪೌಡರನ್ನು ಬೆರಳ ತುದಿಯಲ್ಲಿ ತೆಗೆದು, ಕೊಡವಿ, ಮುಚ್ಚಿದ ರೆಪ್ಪೆ ಮೇಲೂ ಕಣ್ಣ ಕೆಳಗೂ ತಟ್ಟಿ. ಕೆಳಗಡೆ ತಟ್ಟುವುದನ್ನೇ ಎಲ್ಲರೂ ಮರೆಯುತ್ತಾರೆ. ಮೇಲಿನ ಗೆರೆ ಇಳಿದು ಬಂದು ಕೂರುವ ಜಾಗ ಅದೇ.

ಕೈ ನಡುಗುತ್ತದೆ ಎನ್ನುವವರು ನಿಂತುಕೊಂಡು ಹಚ್ಚುವವರೇ ಆಗಿರುತ್ತಾರೆ. ಕೈಗೆ ಆಸರೆ ಇಲ್ಲದಿದ್ದರೆ ಯಾರ ಕೈಯೂ ನಡುಗುತ್ತದೆ, ರಂಗೋಲಿ ಎಳೆಯುವವರೂ ಕೂತು ಬಗ್ಗಿಯೇ ಎಳೆ ಎಳೆಯುವುದು. ಮೇಜಿನ ಮೇಲೆ ಮೊಣಕೈ ಊರಿ, ಕಿರುಬೆರಳನ್ನು ಕೆನ್ನೆಯ ಮೂಳೆಗೆ ಆನಿಸಿ. ಕನ್ನಡಿ ಗದ್ದಕ್ಕಿಂತ ಕೆಳಗಿರಲಿ; ಕಣ್ಣು ಪೂರ್ತಿ ಮುಚ್ಚದೆ ಕೆಳಗೆ ನೋಡಿದರೆ ರೆಪ್ಪೆ ತಾನಾಗಿ ಹರಡಿಕೊಳ್ಳುತ್ತದೆ, ಗೆರೆಯೂ ಕಾಣುತ್ತದೆ. ಬೆಳಕು ಎದುರಿನಿಂದ ಬರಲಿ, ಕಿಟಕಿಗೆ ಮುಖ ಮಾಡಿ ಕೂತರೆ ಸಾಕು. ತಲೆ ಮೇಲಿನ ಟ್ಯೂಬ್‌ಲೈಟ್ ಬೆಳಕಲ್ಲಿ ಹುಬ್ಬಿನ ನೆರಳು ರೆಪ್ಪೆ ಮೇಲೆ ಬಿದ್ದು ಅರ್ಧ ಗೆರೆ ಅಂದಾಜಿನ ಮೇಲೆ ಹೋಗುತ್ತದೆ.

ಕಣ್ಣಿನ ಹೊರಮೂಲೆಯನ್ನು ಬೆರಳಲ್ಲಿ ಕಿವಿಯ ಕಡೆ ಎಳೆದು ಹಿಡಿಯುವ ಅಭ್ಯಾಸ ಬಿಡಿ. ಎಳೆದ ಚರ್ಮದ ಮೇಲೆ ನೇರವಾಗಿ ಬಂದ ಗೆರೆ ಕೈ ಬಿಟ್ಟಾಗ ಸುಕ್ಕುಗಟ್ಟಿ ಗರಗಸವಾಗುತ್ತದೆ. ಬೇಕೇ ಬೇಕೆಂದರೆ ಹುಬ್ಬಿನ ಕೆಳಗೆ ಬೆರಳಿಟ್ಟು ರೆಪ್ಪೆಯನ್ನು ಕೂದಲೆಳೆಯಷ್ಟು ಮೇಲೆತ್ತಿ. ಒಂದೇ ಏಟಿಗೆ ಮೂಲೆಯಿಂದ ಮೂಲೆಗೆ ಎಳೆಯಲು ಹೋಗಬೇಡಿ. ಎವೆಗಳ ಬುಡಕ್ಕೆ ಅಂಟಿದ ಹಾಗೆ ನಡುವಿನಲ್ಲೊಂದು, ಹೊರಮೂಲೆಯಲ್ಲೊಂದು, ಒಳಮೂಲೆಯ ಹತ್ತಿರ ಎವೆ ಶುರುವಾಗುವಲ್ಲೊಂದು ಚುಕ್ಕಿ ಇಡಿ. ಮೊದಲು ನಡುವಿನಿಂದ ಹೊರಕ್ಕೆ ಸಣ್ಣ ಸಣ್ಣ ಗೀಟುಗಳಿಂದ ಸೇರಿಸಿ, ಆಮೇಲೆ ಒಳಗಿನಿಂದ ನಡುವಿಗೆ. ಬ್ರಷ್‌ನಲ್ಲಿ ಮಸಿ ಹೆಚ್ಚಿರುವುದು ಮೊದಲ ಗೀಟಿಗೆ. ಅದು ಒಳಮೂಲೆಗೆ ಬಿದ್ದರೆ ಅಲ್ಲಿ ದಪ್ಪವಾಗಿ ಎರಡೂ ಕಣ್ಣು ಮೂಗಿಗೆ ಹತ್ತಿರ ಬಂದಂತೆ ಕಾಣುತ್ತದೆ. ಒಳಗೆ ದಾರದೆಳೆ, ಹೊರಗೆ ಬರುವಷ್ಟರಲ್ಲಿ ಹೆಚ್ಚೆಂದರೆ 2 ಮಿಲಿಮೀಟರ್, ದಿನಬಳಕೆಗೆ ಇಷ್ಟು ಸಾಕು. ಎವೆಗಳಿಗೂ ಗೆರೆಗೂ ನಡುವೆ ಚರ್ಮ ಬಿಳಿಯಾಗಿ ಇಣುಕಿದರೆ ಗೆರೆ ಎಷ್ಟೇ ನೇರ ಇದ್ದರೂ ಅಂಟಿಸಿದ ಹಾಗಿರುತ್ತದೆ. ಪೆನ್ಸಿಲ್ ತುದಿಯನ್ನು ಎವೆಗಳ ಬುಡದಲ್ಲಿ ಒತ್ತಿ ಒತ್ತಿ ಆ ಸಂದು ತುಂಬಿ.

ಗೆರೆ ಮುಗಿದ ಮೇಲೆ ನೀರು ಲೈನರ್ ಆದರೆ ಅರ್ಧದಿಂದ ಒಂದು ನಿಮಿಷ ಕೆಳಗೇ ನೋಡುತ್ತಿರಿ. ತಕ್ಷಣ ಕಣ್ಣರಳಿಸಿದರೆ ಹಸಿ ಗೆರೆ ರೆಪ್ಪೆಯ ಮಡಿಕೆಗೆ ಮುದ್ರೆ ಒತ್ತುತ್ತದೆ. ಪೆನ್ಸಿಲ್ ಆದರೆ ಅದೇ ಬಣ್ಣದ ಐಶ್ಯಾಡೋ ಪುಡಿಯನ್ನು ಓರೆ ಬ್ರಷ್‌ನಲ್ಲಿ ಗೆರೆಯ ಮೇಲೇ ಒತ್ತಿ. ಪುಡಿ ಜಿಡ್ಡನ್ನು ಹೀರಿಕೊಂಡು ಮೇಣವನ್ನು ಹಿಡಿದಿಡುತ್ತದೆ. ಅಗ್ಗದ ಪೆನ್ಸಿಲ್ ಕೂಡ ಇದರಿಂದ ಎಷ್ಟೋ ಹೊತ್ತು ಹೆಚ್ಚು ಬಾಳುತ್ತದೆ.

ಗೆರೆಗೆ ಹೊರಮೂಲೆಯಿಂದಾಚೆ ಬಾಲ ಎಳೆಯುವ ಆಸೆ ಎಲ್ಲರಿಗೂ, ಎರಡು ಬಾಲ ಒಂದೇ ಸಮ ಬರುವುದು ಕಡಿಮೆ ಜನರಿಗೆ. ಗುಟ್ಟು ಇಷ್ಟೇ: ಬಾಲವನ್ನು ಮೊದಲು ಎಳೆಯಿರಿ, ಗೆರೆಯನ್ನು ಆಮೇಲೆ. ಅದೂ ಕಣ್ಣು ತೆರೆದು ನೇರ ನೋಡುತ್ತಾ. ಮುಚ್ಚಿದ ಕಣ್ಣಿನ ಮೇಲೆ ಎಳೆದ ಬಾಲ ತೆರೆದಾಗ ಮಡಿಕೆಯೊಳಗೆ ಮುರಿದುಬೀಳುತ್ತದೆ. ಮೂಗಿನ ಹೊಳ್ಳೆಯ ಅಂಚಿನಿಂದ ಕಣ್ಣಿನ ಹೊರಮೂಲೆಗೆ ಒಂದು ಕಡ್ಡಿ ಹಿಡಿದರೆ ಅದು ಹುಬ್ಬಿನ ಕೊನೆಗೆ ದಾರಿ ತೋರಿಸುತ್ತದೆ. ಆ ಓರೆಯಲ್ಲಿ 4–5 ಮಿಲಿಮೀಟರ್ ದೂರಕ್ಕೆ ಒಂದು ಚುಕ್ಕಿ. ಎರಡೂ ಕಡೆ ಚುಕ್ಕಿ ಇಟ್ಟು, ಕನ್ನಡಿಯಿಂದ ಎರಡಡಿ ಹಿಂದೆ ಸರಿದು ನೋಡಿ. ಸಮ ಕಂಡ ಮೇಲೇ ಮುಂದಿನ ಕೆಲಸ. ಎರಡು ಕಣ್ಣೂ ಯಾರಿಗೂ ಪೂರ್ತಿ ಒಂದೇ ಥರ ಇರುವುದಿಲ್ಲ, ಕೂದಲೆಳೆ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಂಡು ಸಮ ಮಾಡುತ್ತಾ ಮಾಡುತ್ತಾ ಗೆರೆ ಹುಬ್ಬಿಗೆ ಮುಟ್ಟಿಸಬೇಡಿ.

ರೆಪ್ಪೆ ಜೋತುಬಿದ್ದ ವಯಸ್ಸಿನವರಿಗೆ ಬಾಲ ಚಿಕ್ಕದಿರಲಿ, ಅಥವಾ ಬೇಡ. ಸುಕ್ಕಿನ ಮೇಲೆ ನೀರು ಲೈನರ್ ಓಡಿ ಕಾಲುವೆಯಾಗುತ್ತದೆ. ಪೆನ್ಸಿಲ್‌ನಿಂದ ಎವೆಬುಡದಲ್ಲಿ ಚುಕ್ಕಿ ಚುಕ್ಕಿ ಇಟ್ಟು, ಇಯರ್‌ಬಡ್‌ನಲ್ಲಿ ಸವರಿದರೆ ಸಾಕು. ಮೈನಸ್ ಕನ್ನಡಕದವರ ಕಣ್ಣು ಗಾಜಿನಾಚೆ ಚಿಕ್ಕದಾಗಿ ಕಾಣುವುದರಿಂದ ಗೆರೆ ತುಸು ದಪ್ಪ ಇರಬಹುದು. ಪ್ಲಸ್ ಗಾಜು ಕಣ್ಣಿನ ಜೊತೆ ತಪ್ಪನ್ನೂ ದೊಡ್ಡದು ಮಾಡುತ್ತದೆ, ಅವರ ಗೆರೆ ಸಣ್ಣಗೆ ಚೊಕ್ಕವಾಗಿರಲಿ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಮೊದಲು ಲೆನ್ಸ್, ಆಮೇಲೆ ಲೈನರ್. ತೆಗೆಯುವಾಗಲೂ ಮೊದಲು ಲೆನ್ಸ್.

ಕಣ್ಣಿನ ಒಳಅಂಚಿಗೆ ಹಚ್ಚಬಹುದೇ ಅಂತ ಕೇಳುತ್ತಾರೆ. ನೋಡ್ರಮ್ಮಾ, ಆ ಒದ್ದೆ ಅಂಚಿನ ಉದ್ದಕ್ಕೂ ಎಣ್ಣೆ ಗ್ರಂಥಿಗಳ ಬಾಯಿಗಳಿವೆ, ಮೇಲಿನ ರೆಪ್ಪೆಯಲ್ಲಿ ಸುಮಾರು 25ರಿಂದ 40, ಕೆಳಗೆ 20ರಿಂದ 30. ಕಣ್ಣೀರು ಬೇಗ ಆರದಂತೆ ಕಾಯುವ ಎಣ್ಣೆ ಅವುಗಳಿಂದ ಬರುವುದು. ದಿನವೂ ಕಾಡಿಗೆ ಮೆತ್ತಿದರೆ ಬಾಯಿ ಕಟ್ಟಿ ಕಣ್ಣು ಉರಿ, ರೆಪ್ಪೆಯ ಮೇಲೆ ಕುರು. ಹಬ್ಬ ಹರಿದಿನಕ್ಕೆ ಹಚ್ಚಿ, ರಾತ್ರಿ ತೆಗೆಯಿರಿ. ದಿನಬಳಕೆಗೆ ಎವೆಯ ಹೊರಬುಡವೇ ಸರಿ. ಕಾಂಟ್ಯಾಕ್ಟ್ ಲೆನ್ಸಿನವರು ಒಳಅಂಚಿನ ಮಾತೇ ಎತ್ತಬಾರದು.

ಮನೆಯ ಕಾಡಿಗೆ ಮಾಡುವುದಾದರೆ ತಿಳಿಗೊಂಡ ಹರಳೆಣ್ಣೆ ದೀಪ, ಹತ್ತಿ ಬತ್ತಿ, ಮೇಲೆ ಉಜ್ಜಿ ತೊಳೆದ ತಾಮ್ರದ ತಟ್ಟೆ. ಬತ್ತಿಯನ್ನು ಗರಗದ ಸೊಪ್ಪಿನ ರಸದಲ್ಲಿ ಅದ್ದಿ ನೆರಳಲ್ಲಿ ಒಣಗಿಸುವುದೂ ಉಂಟು. ಆ ಸೊಪ್ಪಿಗೆ ಕಾಡಿಗ್ಗರಗ ಎಂಬ ಹೆಸರೇ ಇದೆ. ತಟ್ಟೆಯನ್ನು ಎರಡು ಲೋಟಗಳ ಮೇಲೆ, ಉರಿಯ ತುದಿ ಮುಟ್ಟಿಯೂ ಮುಟ್ಟದಂತೆ ಕೂರಿಸಿ. ತೀರಾ ತಗ್ಗಿದರೆ ದೀಪ ಆರುತ್ತದೆ, ಎತ್ತರವಾದರೆ ಮಸಿ ಗಾಳಿಗೆ ಹೋಗುತ್ತದೆ. ಆರಿದ ಮೇಲೆ ಕೆರೆದು, ಹರಳೆಣ್ಣೆಯನ್ನು ಒಂದೊಂದೇ ಹನಿ ಬಿಟ್ಟು ಅರೆಯಿರಿ. ಚಿಟಿಕೆ ಮಸಿಗೆ ಎರಡು ಹನಿ ದಾಟಿದರೆ ನೀರಾಗುತ್ತದೆ. ಇದರಲ್ಲಿ ಮೇಣ ಇಲ್ಲದ್ದರಿಂದ ಕೊಂಡದ್ದಕ್ಕಿಂತ ಬೇಗ ಇಳಿಯುವುದು ಸಹಜ. ಶುದ್ಧ ಅಂದ ಮಾತ್ರಕ್ಕೆ ಮಗುವಿನ ಕಣ್ಣೊಳಗೆ ಹಚ್ಚುವಂತಿಲ್ಲ, ವೈದ್ಯರು ಬೇಡವೆನ್ನುತ್ತಾರೆ. ಹಚ್ಚಿದರೆ ಕಣ್ಣು ದೊಡ್ಡದಾಗುತ್ತದೆ ಎನ್ನುವುದು ಬರೀ ಮಾತು. ದೃಷ್ಟಿಬೊಟ್ಟು ಬೇಕೆಂದರೆ ಅಂಗಾಲಿಗೆ ಇಡಿ, ಬಾಯಿಗೆ ಹೋಗದಂತೆ ಕಾಲುಚೀಲ ಹಾಕಿ. ಗುರುತು ಪರಿಚಯ ಇಲ್ಲದ ಸುರ್ಮಾ ಪುಡಿಯನ್ನಂತೂ ಮನೆಗೆ ತರಬೇಡಿ: ಹಳೆಯ ಬಗೆಯದರಲ್ಲಿ ಸೀಸದ ಅದಿರೇ ಇರುತ್ತದೆ. ಬಣ್ಣಕ್ಕಾಗಿ ಸೀಸ ಬಳಸುವುದನ್ನು ನಮ್ಮ ದೇಶದ 2020ರ ಸೌಂದರ್ಯವರ್ಧಕ ನಿಯಮಗಳು ನಿಷೇಧಿಸಿವೆ. ಡಬ್ಬಿಯ ಮೇಲೆ ತಯಾರಕರ ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಅವಧಿ ನೋಡಿಯೇ ದುಡ್ಡು ಕೊಡಿ. ಅಮೆರಿಕಕ್ಕೆ ಬಾಣಂತನಕ್ಕೆ ಹೊರಟವರು ಸೂಟ್‌ಕೇಸಿನಲ್ಲಿ ಸುರ್ಮಾ ಇಡಬೇಡಿ, ಅಲ್ಲಿನ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದನ್ನು ಒಪ್ಪುವುದಿಲ್ಲ.

ಮದುವೆಮನೆಯ ಲೆಕ್ಕ ಬೇರೆ. ಹೋಮದ ಹೊಗೆಗೊಮ್ಮೆ, ಧಾರೆಗೊಮ್ಮೆ ಕಣ್ಣಲ್ಲಿ ನೀರು ಬಂದೇ ಬರುತ್ತದೆ. ಮೇಲಿನ ರೆಪ್ಪೆಗೆ ಜೆಲ್ ಹಚ್ಚಿ, ಕೆಳರೆಪ್ಪೆಗೆ ಏನೂ ಬೇಡ, ಬೇಕೆಂದರೆ ಹೊರಗಿನ ಮೂರನೇ ಒಂದು ಭಾಗಕ್ಕೆ ಪುಡಿ ಮಾತ್ರ. ಭರತನಾಟ್ಯದ ಮಕ್ಕಳಿಗೆ ಹಚ್ಚುವಾಗ ಮಾತ್ರ ಕೈ ಬಿಗಿ ಹಿಡಿಯಬೇಡಿ: ಕೊನೆಯ ಸಾಲಿನವರಿಗೂ ನೋಟ ತಲುಪಬೇಕು, ಹೊರಮೂಲೆಯಿಂದ ಬೆರಳಗಲ ಆಚೆಗೆ ಗೆರೆ ಹೋಗಲಿ, ಮೇಲಿನ ಕೆಳಗಿನ ಗೆರೆ ಕೂಡದೆ ನಡುವೆ ಸಂದು ಉಳಿಯಲಿ. ಒಬ್ಬಳಿಗೆ ಹಚ್ಚಿದ ಪೆನ್ಸಿಲ್ ಇನ್ನೊಬ್ಬಳಿಗೆ ನೇರ ಹೋಗಬಾರದು. ಪ್ರತಿ ಸಲ ಹೆರೆದು, ತುದಿಯನ್ನೂ ಮೆಂಡರಿನ ಅಲಗನ್ನೂ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಒರೆಸಿ, ಪೂರ್ತಿ ಆರಿದ ಮೇಲೆ ಹಚ್ಚಿ. ಡಬ್ಬಿಯ ಜೆಲ್ಲನ್ನು ಒಂದು ತಟ್ಟೆಗೆ ತೆಗೆದುಕೊಂಡು ಮಗುವಿಗೊಂದು ಇಯರ್‌ಬಡ್ ಅಥವಾ ಬ್ರಷ್ ಇಡಿ. ಯಾರಿಗಾದರೂ ಕಣ್ಣು ಕೆಂಪಾಗಿ ಪಿಸುರು ಕಟ್ಟಿದ್ದರೆ ಅವಳಿಗೆ ಅಂದು ಲೈನರ್ ಇಲ್ಲ.

ತಪ್ಪಿದರೆ ಗಾಬರಿಬಿದ್ದು ಬೆರಳಲ್ಲಿ ಒರೆಸಬೇಡಿ. ಒಣಗಲು ಬಿಡಿ, ಆಮೇಲೆ ಮೇಕಪ್ ತೆಗೆಯುವ ಮೈಸೆಲರ್ ನೀರಿನಲ್ಲಿ ಅದ್ದಿ ಹಿಂಡಿದ ಇಯರ್‌ಬಡ್‌ನಿಂದ ತಪ್ಪಿದಷ್ಟನ್ನೇ ಸುತ್ತಿ ಎತ್ತಿ, ಒಣ ತುದಿಯಿಂದ ತೇವ ತೆಗೆದು ಪೌಡರ್ ತಟ್ಟಿ ಮತ್ತೆ ಎಳೆಯಿರಿ. ಎಣ್ಣೆಯಿಂದ ತಿದ್ದಿದರೆ ಆ ಜಾಗದಲ್ಲಿ ಹೊಸ ಗೆರೆ ಹಿಡಿಯುವುದಿಲ್ಲ. ಎಣ್ಣೆಯ ಕೆಲಸ ರಾತ್ರಿಗೆ. ಹತ್ತಿಗೆ ನಾಲ್ಕೈದು ಹನಿ ಕೊಬ್ಬರಿ ಎಣ್ಣೆ ಹಾಕಿ, ಮುಚ್ಚಿದ ಕಣ್ಣಿನ ಮೇಲೆ 30 ಸೆಕೆಂಡ್ ಇಟ್ಟು, ಮೇಲಿನಿಂದ ಕೆಳಗೆ ಒಂದೇ ದಿಕ್ಕಿಗೆ ಒರೆಸಿ, ಮುಖ ತೊಳೆಯಿರಿ. ಕಾಯದೆ ಉಜ್ಜಿದರೆ ಕಪ್ಪಿನ ಜೊತೆ ಎವೆಗಳೂ ಬರುತ್ತವೆ.

ನೀರು ಲೈನರನ್ನು ತೆರೆದ 6 ತಿಂಗಳಿಗೆ ಎಸೆಯಿರಿ, ಅರ್ಧ ಉಳಿದಿದ್ದರೂ. ಡಬ್ಬಿಯ ಹಿಂದೆ ತೆರೆದ ಭರಣಿಯ ಚಿತ್ರದಲ್ಲಿ 6 ಎಂ, 12 ಎಂ ಎಂದಿರುವುದು ಈ ತಿಂಗಳ ಲೆಕ್ಕವೇ. ವಾಸನೆ ಬದಲಾದರೆ, ಕಣ್ಣು ಬೇನೆ ಬಂದು ಹೋದರೆ ಅಷ್ಟೂ ಕಾಯುವುದು ಬೇಡ. ಪೆನ್ಸಿಲ್ ಹೆರೆದಂತೆಲ್ಲ ಹೊಸ ಮೈ ಬರುವುದರಿಂದ ಹೆಚ್ಚು ಕಾಲ ಬಾಳುತ್ತದೆ. ಬ್ರಷ್ಷನ್ನು ವಾರಕ್ಕೊಮ್ಮೆ ಒಂದು ಹನಿ ಶಾಂಪೂವಿನಲ್ಲಿ ತೊಳೆದು, ಬೆರಳಲ್ಲಿ ಅದರ ಓರೆ ಆಕಾರ ತಿದ್ದಿ, ಬಟ್ಟೆಯ ಮೇಲೆ ಮಲಗಿಸಿ ಒಣಗಿಸಿ. ಲೋಟದಲ್ಲಿ ನಿಲ್ಲಿಸಿದರೆ ನೀರು ತಗಡಿನ ಕಟ್ಟಿನೊಳಗಿಳಿದು ಅಂಟು ಸಡಿಲಾಗಿ, ಒಂದೊಂದೇ ಕೂದಲು ರೆಪ್ಪೆ ಮೇಲೆ ಉದುರತೊಡಗುತ್ತದೆ.